ಮತ ಹಾಕಲು ರ‍್ಯಾಂಪ್ ಇದೆ, ಮತ ಕೇಳಲು?

ನಮ್ಮೂರಿನ ಸರ್ಕಾರಿ ಶಾಲೆಗೂ ಗ್ರಾಮ ಪಂಚಾಯಿತಿ ಕಚೇರಿಗೂ ನಡುವೆ ಇರುವುದು ಒಂದು ರಸ್ತೆ ಅಷ್ಟೇ. ಶಾಲೆಯ ಮುಂದೆ ಸಿಮೆಂಟಿನ ರ‍್ಯಾಂಪ್ ಇದೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಇದೆ. ಶಾಲೆ ಮತಗಟ್ಟೆಯೂ ಹೌದು, ಅದಕ್ಕೇ ಕಟ್ಟಿಸಿದ್ದಾರೆ. ಎದುರಿನ ಪಂಚಾಯಿತಿ ಕಚೇರಿಗೆ ನಾಲ್ಕು ಮೆಟ್ಟಿಲು. ರ‍್ಯಾಂಪ್ ಇಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡೂ ಕಾಲು ಹೋದವು. ಮೂರು ಚಕ್ರದ ಸ್ಕೂಟರಿನಲ್ಲಿ ಓಡಾಡುತ್ತಾರೆ. ಬಟ್ಟೆ ಹೊಲಿಯುತ್ತಾರೆ. ಬೀದಿಯಲ್ಲಿ ಯಾರಿಗೆ ಅರ್ಜಿ ಬರೆಯಬೇಕಿದ್ದರೂ ಅವರ ಮನೆಗೇ ಹೋಗುವುದು. ಚುನಾವಣೆಯ ದಿನ ಶಾಲೆಯಲ್ಲಿ ವೀಲ್‌ಚೇರ್ ಕಾಯುತ್ತಿರುತ್ತದೆ, ಹುಡುಗರು ತಳ್ಳಿಕೊಂಡು ಹೋಗುತ್ತಾರೆ, ಅಕ್ಕ ವೋಟು ಹಾಕಿ ಶಾಯಿ ಬೆರಳು ತೋರಿಸಿ ಬರುತ್ತಾರೆ. ಅದೇ ಅಕ್ಕ ಪಂಚಾಯಿತಿಗೆ ಹೋದರೆ ಸ್ಕೂಟರನ್ನು ಅಂಗಳದಲ್ಲಿ ನಿಲ್ಲಿಸಿ, ಕಿಟಕಿಯ ಕೆಳಗಿನಿಂದ ಕೂಗಿ ಮಾತಾಡಬೇಕು.

ಹಿಂದಿನ ಪಂಚಾಯಿತಿ ಚುನಾವಣೆಯಲ್ಲಿ ತಾನೂ ನಿಲ್ಲುತ್ತೇನೆ ಎಂದಿದ್ದರು. ಊರಿನ ಹಿರಿಯರೊಬ್ಬರು ಹೇಳಿದ್ದು ಇಷ್ಟು: "ನಿಂಗ್ಯಾಕವ್ವ ಈ ಉಸಾಬರಿ? ತಿಂಗ್ಳಾದ್ರೆ ಪಿಂಚಣಿ ಬರ್ತೈತಲ್ಲ." ಅವರು ಕೆಟ್ಟವರಲ್ಲ. ಅಕ್ಕನ ಮೇಲೆ ಪ್ರೀತಿ ಇಟ್ಟುಕೊಂಡವರೇ. ಆದರೂ ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅಂಗವಿಕಲರು ಕೊಟ್ಟಿದ್ದನ್ನು ತೆಗೆದುಕೊಳ್ಳುವವರು, ಹಂಚುವ ಜಾಗದಲ್ಲಿ ಕೂರುವವರಲ್ಲ ಎಂಬ ನಂಬಿಕೆ ಅದರೊಳಗಿದೆ. ನಮ್ಮ ಇಡೀ ವ್ಯವಸ್ಥೆ ಹೆಚ್ಚು ಕಡಿಮೆ ಇದೇ ನಂಬಿಕೆಯ ಮೇಲೆ ನಿಂತಿದೆ. ಅದು ಹೇಗೆ, ಅದನ್ನು ಬದಲಿಸಲು ಎಲ್ಲೆಲ್ಲಿ ಏನೇನು ಮಾಡಿದ್ದಾರೆ ಎಂದು ಬಿಡಿಸಿ ಹೇಳುವ ಪ್ರಯತ್ನ ಇದು.

ಎರಡು ಹಕ್ಕು, ಒಂದಕ್ಕೆ ಮಾತ್ರ ದಾರಿ

ಮತ ಹಾಕುವುದು ಒಂದು ಹಕ್ಕು. ಚುನಾವಣೆಗೆ ನಿಂತು, ಗೆದ್ದು, ಕೆಲಸ ಮಾಡುವುದು ಇನ್ನೊಂದು ಹಕ್ಕು. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 29ನೇ ವಿಧಿ ಎರಡನ್ನೂ ಒಟ್ಟಿಗೇ ಹೇಳುತ್ತದೆ. ಭಾರತ ಈ ಒಡಂಬಡಿಕೆಯನ್ನು 2007ರಲ್ಲಿ ಒಪ್ಪಿಕೊಂಡಿದೆ.

ಮೊದಲನೆಯ ಹಕ್ಕಿನ ವಿಷಯದಲ್ಲಿ ನಮ್ಮಲ್ಲಿ ನಿಜಕ್ಕೂ ಒಳ್ಳೆಯ ಕೆಲಸ ಆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಎಲ್ಲ ಮತಗಟ್ಟೆಗಳೂ ಅಂಗವಿಕಲರು ಹೋಗಿ ಬರುವಂತೆ ಇರಬೇಕು. ಮತಯಂತ್ರದ ಮೇಲೆ ಬ್ರೈಲ್‌ನಲ್ಲಿ ಕ್ರಮಸಂಖ್ಯೆ ಇರುತ್ತದೆ. ಕಣ್ಣು ಕಾಣದವರು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಚುನಾವಣಾ ಆಯೋಗದ ಸಕ್ಷಮ್ ಆ್ಯಪ್‌ನಲ್ಲಿ ವೀಲ್‌ಚೇರ್ ಬೇಕೆಂದು ಮೊದಲೇ ಕೇಳಬಹುದು. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ ಅಂಗವಿಕಲರು ಮತ್ತು 80 ದಾಟಿದ ಹಿರಿಯರು ಮೊದಲ ಬಾರಿಗೆ ಮನೆಯಲ್ಲೇ ಕೂತು ಮತ ಹಾಕಿದರು. 12ಡಿ ಅರ್ಜಿ ತುಂಬಿ ಕೊಟ್ಟರೆ ಸಿಬ್ಬಂದಿಯೇ ಮನೆಗೆ ಬರುತ್ತಿದ್ದರು. ಇದೆಲ್ಲ ಸಣ್ಣ ವಿಷಯ ಅಲ್ಲ.

ಎರಡನೆಯ ಹಕ್ಕಿಗೆ ಬಂದರೆ ಹೇಳಲು ಏನೂ ಇಲ್ಲ. 2016ರ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಸ್ಥಾನ ಮೀಸಲಿಟ್ಟಿದೆ. ಶಾಸನಸಭೆ, ಪಂಚಾಯಿತಿ, ಪುರಸಭೆಗಳ ಬಗ್ಗೆ ಸುಮ್ಮನಿದೆ. ವಿಧಾನಸಭೆಗೆ ನಿಲ್ಲುವವರು 10 ಸಾವಿರ ಠೇವಣಿ ಕಟ್ಟಬೇಕು. ಪರಿಶಿಷ್ಟರಿಗೆ ಅದರಲ್ಲಿ ಅರ್ಧ ರಿಯಾಯಿತಿ ಇದೆ, ಇರಲೇಬೇಕು. ಅಂಗವಿಕಲರಿಗೆ ಅಂಥದ್ದೂ ಇಲ್ಲ.

ಇನ್ನೂ ಒಂದು ಮಾತು. ಅಭ್ಯರ್ಥಿಗಳು ನಾಮಪತ್ರದ ಜೊತೆ ನಮೂನೆ 26ರಲ್ಲಿ ಅಫಿಡವಿಟ್ ಕೊಡುತ್ತಾರೆ. ಆಸ್ತಿ, ಸಾಲ, ಓದು, ಕ್ರಿಮಿನಲ್ ಕೇಸು, ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಅಂಗವೈಕಲ್ಯದ ಬಗ್ಗೆ ಒಂದು ಕಾಲಂ ಇಲ್ಲ. ಹಾಗಾಗಿ ಎಷ್ಟು ಜನ ಕೋಟ್ಯಧಿಪತಿಗಳು ಗೆದ್ದರು ಎಂದು ಫಲಿತಾಂಶದ ಮರುದಿನವೇ ಪತ್ರಿಕೆಯಲ್ಲಿ ಬರುತ್ತದೆ. ಎಷ್ಟು ಜನ ಅಂಗವಿಕಲರು ನಿಂತರು, ಎಷ್ಟು ಜನ ಗೆದ್ದರು ಎಂಬುದು ಬರುವುದಿಲ್ಲ. ಲೆಕ್ಕವೇ ಇಲ್ಲದ ಕಡೆ ಕೊರತೆ ಕಾಣುವುದಾದರೂ ಹೇಗೆ?

ಹೋದವರು ಇದ್ದಾರೆ, ದಾರಿ ಉಳಿಯಲಿಲ್ಲ

"ಅಂಗವಿಕಲರು ರಾಜಕೀಯ ಮಾಡೋಕಾಗುತ್ತಾ?" ಎಂದು ಕೇಳುವವರಿಗೆ ಉತ್ತರ 1953ರಲ್ಲೇ ಸಿಕ್ಕಿತ್ತು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ವಕೀಲ ಸಾಧನ್ ಗುಪ್ತ ಆ ವರ್ಷ ಕಲ್ಕತ್ತೆಯ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದರು. ಮುಂದೆ ಪಶ್ಚಿಮ ಬಂಗಾಳದ ಅಡ್ವೊಕೇಟ್ ಜನರಲ್ ಆದರು. ಸಮಾಜವಾದಿ ಯಮುನಾ ಪ್ರಸಾದ್ ಶಾಸ್ತ್ರಿಯವರಿಗೂ ಕಣ್ಣು ಕಾಣುತ್ತಿರಲಿಲ್ಲ. 1977ರಲ್ಲಿ ಅವರು ರೇವಾ ಕ್ಷೇತ್ರದಲ್ಲಿ ಅಲ್ಲಿನ ಮಹಾರಾಜರನ್ನೇ ಸೋಲಿಸಿದರು. ನಮ್ಮ ಪಕ್ಕದ ತೆಲಂಗಾಣದ ಎಸ್. ಜೈಪಾಲ್ ರೆಡ್ಡಿ ಊರುಗೋಲು ಹಿಡಿದೇ ದಶಕಗಟ್ಟಲೆ ಸಂಸತ್ತಿಗೆ ಹೋದರು, ಕೇಂದ್ರದಲ್ಲಿ ದೊಡ್ಡ ದೊಡ್ಡ ಖಾತೆ ನೋಡಿಕೊಂಡರು. ಅವರ ಭಾಷಣ ಕೇಳಿದವರಿಗೆ ಊರುಗೋಲು ನೆನಪೇ ಇರುತ್ತಿರಲಿಲ್ಲ. 2025ರಲ್ಲಿ ರಾಷ್ಟ್ರಪತಿಗಳು ರಾಜ್ಯಸಭೆಗೆ ನಾಮಕರಣ ಮಾಡಿದ ಕೇರಳದ ಸಿ. ಸದಾನಂದನ್ ಮಾಸ್ಟರ್ 1994ರ ರಾಜಕೀಯ ದಾಳಿಯೊಂದರಲ್ಲಿ ಎರಡೂ ಕಾಲು ಕಳೆದುಕೊಂಡವರು.

ಇವರ ಪಕ್ಷ ಬೇರೆ, ಕಾಲ ಬೇರೆ. ಒಂದು ವಿಷಯ ಮಾತ್ರ ಸಮಾನ. ಪ್ರತಿಯೊಬ್ಬರೂ ತಮ್ಮ ಪಕ್ಷದ ಬಲದಿಂದ, ಸ್ವಂತ ಶಕ್ತಿಯಿಂದ ಒಬ್ಬೊಬ್ಬರಾಗಿ ಹೋದರು. ಅವರ ಹಿಂದೆ ಇನ್ನೊಬ್ಬರು ನಡೆದು ಬರುವಂಥ ದಾರಿ ಆಗಲಿಲ್ಲ. ಅಸಾಧಾರಣ ಶಕ್ತಿ ಇದ್ದವರು ಯಾವ ಅಡ್ಡಿ ಇದ್ದರೂ ದಾಟಿಯಾರು. ಸಾಧಾರಣ ಶಕ್ತಿಯ ಒಬ್ಬ ಅಂಗವಿಕಲ, ಸಾಧಾರಣ ಶಕ್ತಿಯ ಉಳಿದ ಸದಸ್ಯರ ಹಾಗೇ, ಪಂಚಾಯಿತಿಗೆ ಹೋಗುವಂತಾದರೆ ಆಗ ಪ್ರಾತಿನಿಧ್ಯ ಅನ್ನಬಹುದು.

ಮೀಸಲಾತಿ ಕೊಟ್ಟರೆ ಆಯಿತಲ್ವಾ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ನನಗೂ ಹಾಗೇ ಅನ್ನಿಸಿತ್ತು. ಆದರೆ ಲೆಕ್ಕ ಹಾಕುತ್ತಾ ಕೂತರೆ ತೊಡಕು ಗೊತ್ತಾಗುತ್ತದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಅಂದರೆ ಜನಸಂಖ್ಯೆಯ ಶೇ 2.21. ಕರ್ನಾಟಕದಲ್ಲಿ ಸುಮಾರು 13.24 ಲಕ್ಷ. ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿ ಇರಲೇಬೇಕು. ಯಾಕೆಂದರೆ ಆಗ ಎಣಿಸಿದ್ದು ಎಂಟು ಬಗೆಯನ್ನು, 2016ರ ಕಾಯ್ದೆ ಗುರುತಿಸಿರುವುದು 21 ಬಗೆಯನ್ನು. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಜನರಲ್ಲಿ ಶೇ 16ರಷ್ಟು ಮಂದಿಗೆ ಗಣನೀಯ ಅಂಗವೈಕಲ್ಯ ಇದೆ ಎನ್ನುತ್ತದೆ. ಸದ್ಯಕ್ಕೆ ಜನಗಣತಿಯ ಅಂಕಿಯನ್ನೇ ಇಟ್ಟುಕೊಳ್ಳೋಣ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ 400 ಜನರಿಗೆ ಒಬ್ಬ ಸದಸ್ಯ. 6 ಸಾವಿರ ಜನ ಇರುವ ಪಂಚಾಯಿತಿಗೆ 15 ಸದಸ್ಯರು. ಆ 6 ಸಾವಿರದಲ್ಲಿ ಅಂಗವಿಕಲರು ಸುಮಾರು 130 ಮಂದಿ. ಅವರೆಲ್ಲ ಒಂದೇ ಕೇರಿಯಲ್ಲಿ ಇರುವುದಿಲ್ಲ. ಮನೆ ಮನೆಯಲ್ಲಿ ಒಬ್ಬೊಬ್ಬರು, ಎಲ್ಲ ಜಾತಿಯಲ್ಲಿ, ಎಲ್ಲ ಬೀದಿಯಲ್ಲಿ ಹರಡಿಕೊಂಡಿರುತ್ತಾರೆ. 400 ಜನಕ್ಕೆ ಎಂಟೋ ಒಂಬತ್ತೋ ಮಂದಿ, ಅದರಲ್ಲಿ ಮಕ್ಕಳೂ ಸೇರಿ.

ಈಗ ಮಹಿಳಾ ಮೀಸಲಾತಿಯ ಜೊತೆ ಹೋಲಿಸಿ ನೋಡಿ. ಯಾವ ಕ್ಷೇತ್ರವನ್ನು ಮಹಿಳೆಯರಿಗೆ ಬಿಟ್ಟರೂ ಅಲ್ಲಿ ಅರ್ಧ ಜನ ಮಹಿಳೆಯರೇ. ಪರಿಶಿಷ್ಟರಿಗೆ ಮೀಸಲಿಡುವಾಗ ಅವರ ಸಂಖ್ಯೆ ಎಲ್ಲಿ ಹೆಚ್ಚಿದೆ ಎಂದು ನೋಡಬಹುದು. ಅಂಗವಿಕಲರಿಗೆ ಒಂದು ಕ್ಷೇತ್ರ ಮೀಸಲಿಟ್ಟರೆ ಅಲ್ಲಿ ನಿಲ್ಲಬಹುದಾದ ವಯಸ್ಸಿನವರು ನಾಲ್ಕೋ ಐದೋ ಮಂದಿ ಸಿಗಬಹುದು, ಒಬ್ಬರೂ ಸಿಗದೆಯೂ ಇರಬಹುದು. ಶೇಕಡಾವಾರು ಲೆಕ್ಕವೂ ಕೂಡುವುದಿಲ್ಲ. 15ಕ್ಕೆ ಶೇ 5 ಅಂದರೆ ಮುಕ್ಕಾಲು ಸ್ಥಾನ. ಮುಕ್ಕಾಲು ಸದಸ್ಯ ಎಲ್ಲಿಂದ ತರುವುದು? ಅದಕ್ಕೇ ಅಂಗವಿಕಲರ ಹಕ್ಕುಗಳಿಗಾಗಿ ಕೆಲಸ ಮಾಡುವವರು ಶೇಕಡಾ ಬಿಟ್ಟು "ಪ್ರತಿ ಪಂಚಾಯಿತಿಗೆ ಕನಿಷ್ಠ ಒಬ್ಬರು" ಎನ್ನುತ್ತಾರೆ.

ಇದೇ ಕಾರಣಕ್ಕೆ ಪಕ್ಷಗಳೂ ಇವರನ್ನು ವೋಟ್‌ಬ್ಯಾಂಕ್ ಎಂದು ನೋಡಿಲ್ಲ. ನೋಡಬೇಕಿತ್ತು. 13.24 ಲಕ್ಷವನ್ನು 224 ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದೊಂದು ಕ್ಷೇತ್ರಕ್ಕೆ ಸುಮಾರು 5,900. ಮಕ್ಕಳನ್ನು ಕಳೆದು, ಮನೆಯವರನ್ನು ಕೂಡಿಸಿದರೆ ಇದು ದೊಡ್ಡ ಸಂಖ್ಯೆ. 2023ರಲ್ಲಿ ಜಯನಗರದ ಫಲಿತಾಂಶ ನಿರ್ಧಾರವಾಗಿದ್ದು 16 ಮತದಲ್ಲಿ.

ಲೋಕಸಭೆ, ವಿಧಾನಸಭೆಯಲ್ಲಿ ಮೀಸಲಾತಿ ಬೇಕೆಂದರೆ ಸಂವಿಧಾನವನ್ನೇ ತಿದ್ದಬೇಕು. ಮಹಿಳೆಯರಿಗೆ ಮೂರನೇ ಒಂದು ಭಾಗ ಕೊಡಲು 2023ರಲ್ಲಿ 106ನೇ ತಿದ್ದುಪಡಿ ತಂದಿದ್ದು ಅದಕ್ಕೇ. ಅಂಗವಿಕಲರಿಗೆ ಇನ್ನೂ ಒಂದು ತೊಡಕಿದೆ. ಯಾವ ಯಾವ ಕಾರಣಕ್ಕೆ ತಾರತಮ್ಯ ಮಾಡಬಾರದು ಎಂದು ಹೇಳುವ 15ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವೆ. ಅಂಗವೈಕಲ್ಯ ಇಲ್ಲ.

ನಾಮಕರಣದ ದಾರಿ

ಕ್ಷೇತ್ರ ಮೀಸಲಿಡುವುದು ಕಷ್ಟ ಅಂದಾಗ ಕೆಲವು ರಾಜ್ಯಗಳು ನಾಮಕರಣದ, ಅಂದರೆ ಚುನಾವಣೆ ಇಲ್ಲದೆ ನೇರವಾಗಿ ಸದಸ್ಯರನ್ನು ನೇಮಿಸುವ ದಾರಿ ಹಿಡಿದವು. ಛತ್ತೀಸಗಢ 2019ರಲ್ಲಿ ಪಂಚಾಯತ್ ರಾಜ್ ಕಾಯ್ದೆ ತಿದ್ದುವಾಗ ಇಟ್ಟುಕೊಂಡ ಯೋಚನೆ ಸರಳ: ಚುನಾವಣೆಯಲ್ಲಿ ಅಂಗವಿಕಲರು ಯಾರೂ ಗೆಲ್ಲದಿದ್ದರೆ ಒಬ್ಬರನ್ನು ನಾಮಕರಣ ಮಾಡಬೇಕು. ರಾಜಸ್ಥಾನ 2021ರಲ್ಲಿ ನಗರ ಸಂಸ್ಥೆಗಳಿಗೆ ಇಂಥದ್ದೇ ತಿದ್ದುಪಡಿ ತಂದಿತು.

ದೊಡ್ಡ ಹೆಜ್ಜೆ ಇಟ್ಟಿದ್ದು ತಮಿಳುನಾಡು. 2025ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಎರಡು ಮಸೂದೆ ಮಂಡಿಸಿದರು, ಒಂದು ನಗರ ಸಂಸ್ಥೆಗಳಿಗೆ, ಇನ್ನೊಂದು ಪಂಚಾಯಿತಿಗಳಿಗೆ. ಸದನ ಎರಡನ್ನೂ ಒಪ್ಪಿತು. ಆಗ ಇಡೀ ತಮಿಳುನಾಡಿನ ನಗರ ಸಂಸ್ಥೆಗಳಲ್ಲಿ ಇದ್ದ ಅಂಗವಿಕಲ ಸದಸ್ಯರು 35 ಮಂದಿ. ಈ ಕಾನೂನಿನಿಂದ ಅದು ಸುಮಾರು 650ಕ್ಕೆ ಏರುತ್ತದೆ, ಹಳ್ಳಿಗಳ ಪಂಚಾಯಿತಿಗಳಲ್ಲಿ 12 ಸಾವಿರಕ್ಕೂ ಹೆಚ್ಚು ಜನಕ್ಕೆ ಸ್ಥಾನ ಸಿಗುತ್ತದೆ ಎಂದು ಸರ್ಕಾರ ಹೇಳಿತು.

ನನಗೆ ಈ ಸಂಖ್ಯೆ ಕೇಳಿ ಖುಷಿಯಾಯಿತು. ಒಂದು ಅನುಮಾನವೂ ಬಂತು.

ನಾಮಕರಣಗೊಂಡ ಸದಸ್ಯರಿಗೆ ಮತ ಇರುತ್ತದಾ? ನಗರ ಸಂಸ್ಥೆಗಳ ಮಟ್ಟಿಗೆ ಸಂವಿಧಾನದ 243ಆರ್ ವಿಧಿಯೇ ಇದಕ್ಕೆ ಉತ್ತರ ಕೊಡುತ್ತದೆ. ಪೌರಾಡಳಿತದ ಅನುಭವ ಇರುವವರೆಂದು ನಾಮಕರಣಗೊಂಡವರು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. ಅಧ್ಯಕ್ಷರ ಆಯ್ಕೆಯಲ್ಲಾಗಲಿ ಬಜೆಟ್ ಪಾಸು ಮಾಡುವಾಗಲಾಗಲಿ ಕೈ ಎತ್ತಲು ಆಗದ ಸದಸ್ಯರ ಮಾತಿಗೆ ಎಷ್ಟು ಬೆಲೆ ಎಂಬುದು ಪಂಚಾಯಿತಿ ಸಭೆ ನೋಡಿದ ಎಲ್ಲರಿಗೂ ಗೊತ್ತು. ಇನ್ನೊಂದು ವಿಷಯ, ನಾಮಕರಣ ಮಾಡುವವರು ಯಾರು? ಅಧಿಕಾರಿಯೋ ಆಳುವ ಪಕ್ಷವೋ ಆರಿಸಿದರೆ ಆ ಸದಸ್ಯರು ಋಣ ತೀರಿಸಬೇಕಾದ್ದು ಅವರಿಗೆ, ಊರಿನ ಅಂಗವಿಕಲರಿಗಲ್ಲ.

ಇಷ್ಟಾದರೂ ನಾಮಕರಣ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಸಭೆಯ ಒಳಗೆ ಕೂರುವುದಕ್ಕೇ ಒಂದು ಶಕ್ತಿ ಇದೆ. ಒಬ್ಬ ಸದಸ್ಯ ವೀಲ್‌ಚೇರ್‌ನಲ್ಲಿ ಬರುತ್ತಾರೆ ಎಂದ ಮೇಲೆ ರ‍್ಯಾಂಪ್ ಕಟ್ಟಿಸಲೇಬೇಕು. ಐದು ವರ್ಷ ಫೈಲು, ಬಜೆಟ್ಟು, ಕ್ರಿಯಾಯೋಜನೆ ನೋಡಿ ಕಲಿತವರು ಮುಂದಿನ ಸಲ ಚುನಾವಣೆಗೇ ನಿಲ್ಲಬಹುದು. ಮಹಿಳಾ ಮೀಸಲಾತಿ ಬಂದಾಗಲೂ "ಗಂಡ ಹೇಳಿದಂಗೆ ಸಹಿ ಹಾಕ್ತಾಳೆ" ಎಂದು ನಗಾಡಿದ್ದರು. ಅದೇ ಬಾಗಿಲಿಂದ ಒಳಗೆ ಬಂದ ಎಷ್ಟೋ ಹೆಣ್ಣುಮಕ್ಕಳು ಇವತ್ತು ಯಾರ ಅಪ್ಪಣೆಗೂ ಕಾಯದೆ ಪಂಚಾಯಿತಿ ನಡೆಸುತ್ತಿದ್ದಾರೆ.

ಮೇಲಿನ ಸದನಗಳಲ್ಲೂ ಸಂವಿಧಾನ ತಿದ್ದದೆ ಮಾಡಬಹುದಾದ ಕೆಲಸ ಇದೆ. ರಾಜ್ಯಸಭೆಗೆ 12 ಜನರನ್ನು ನಾಮಕರಣ ಮಾಡುತ್ತಾರೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 11 ನಾಮಕರಣದವು. ಸಮಾಜಸೇವೆ ಎಂಬುದು ಎರಡೂ ಕಡೆ ಒಂದು ಅರ್ಹತೆ. ಅಂಗವಿಕಲರ ನಡುವೆ ಜೀವನವಿಡೀ ದುಡಿದ, ತಾವೇ ಅಂಗವಿಕಲರಾದವರು ನಮ್ಮ ರಾಜ್ಯದಲ್ಲಿ ಕಡಿಮೆ ಇಲ್ಲ. ಪೋಲಿಯೊದಿಂದ ಕೈಕಾಲು ಕಳೆದುಕೊಂಡ ಕೆ.ಎಸ್. ರಾಜಣ್ಣ ಅವರು ರಾಜ್ಯದ ಅಂಗವಿಕಲರ ಆಯುಕ್ತರಾಗಿ ಕೆಲಸ ಮಾಡಿದ್ದಾರೆ, 2024ರಲ್ಲಿ ಪದ್ಮಶ್ರೀ ಪಡೆದರು. ಇಂಥವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಸದನದಲ್ಲಿ ಒಂದು ಕುರ್ಚಿ ಕೊಡುವುದೂ ಅಷ್ಟೇ ಸಹಜ ಆಗಬೇಕು.

ಉಗಾಂಡಾದಲ್ಲಿ ಏನು ಮಾಡಿದರು

ಈ ವಿಷಯದಲ್ಲಿ ಇಡೀ ಜಗತ್ತು ತಿರುಗಿ ನೋಡುವ ದೇಶ ಅಮೆರಿಕವೂ ಅಲ್ಲ, ಬ್ರಿಟನ್ನೂ ಅಲ್ಲ. ಪೂರ್ವ ಆಫ್ರಿಕದ ಉಗಾಂಡಾ.

ದಶಕಗಳ ಗಲಭೆ, ಯುದ್ಧ ಕಂಡ ಆ ದೇಶ 1995ರಲ್ಲಿ ಹೊಸ ಸಂವಿಧಾನ ಬರೆದುಕೊಂಡಿತು. ಅದಕ್ಕೆ ಮೊದಲೇ, 1987ರಲ್ಲಿ, ಅಲ್ಲಿನ ಅಂಗವಿಕಲರ ಬೇರೆ ಬೇರೆ ಸಂಘಗಳು ಸೇರಿ ಒಂದೇ ಒಕ್ಕೂಟ ಮಾಡಿಕೊಂಡಿದ್ದವು. ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲು ಆಗದವರು ತಮ್ಮ ತಮ್ಮ ಸಂಘ ಬಿಡದೆ ಒಂದೇ ದನಿಯಲ್ಲಿ ಕೇಳಿದರು. ಹೊಸ ಸಂವಿಧಾನ ಬರೆಯುವ ಹೊತ್ತಿಗೆ ಅವರು ತಯಾರಾಗಿದ್ದರು. ನನ್ನ ಪ್ರಕಾರ ಆ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೇ. ಸ್ಥಾನಗಳು ಬಂದಿದ್ದು ಆಮೇಲೆ, ಸಂಘಟನೆ ಮೊದಲು.

ಸಂಸತ್ತಿನಲ್ಲಿ ಐದು ಸ್ಥಾನ ಅಂಗವಿಕಲರಿಗೆ, ಅದರಲ್ಲಿ ಒಂದಾದರೂ ಮಹಿಳೆಗೆ. ಈ ಐವರನ್ನು ಯಾವುದೋ ಭೌಗೋಳಿಕ ಕ್ಷೇತ್ರದ ಜನ ಆರಿಸುವುದಿಲ್ಲ. ಜಿಲ್ಲೆ ಜಿಲ್ಲೆಯ ಅಂಗವಿಕಲರ ಪ್ರತಿನಿಧಿಗಳು ಒಂದು ಮತದಾರ ಮಂಡಳಿಯಾಗಿ ಸೇರಿ ಆರಿಸುತ್ತಾರೆ. ನಮ್ಮಲ್ಲಿ ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರ, ಪದವೀಧರರ ಕ್ಷೇತ್ರ ಇವೆಯಲ್ಲ, ಯೋಚನೆ ಹೆಚ್ಚು ಕಡಿಮೆ ಅಂಥದ್ದೇ. ಚದುರಿ ಹೋಗಿರುವ ಜನರನ್ನು ಊರಿನ ಗಡಿಯಿಂದ ಕೂಡಿಸಲಾಗದು, ಅವರ ಅನುಭವದಿಂದ ಕೂಡಿಸಬಹುದು. ಕ್ಷೇತ್ರ ಮೀಸಲಾತಿಯ ತೊಡಕಿಗೆ ಉಗಾಂಡಾ ಕೊಟ್ಟ ಉತ್ತರ ಇದು.

ಇನ್ನೂ ದೊಡ್ಡ ವಿಷಯ ಕೆಳಗಿದೆ. ಹಳ್ಳಿಯಿಂದ ಜಿಲ್ಲೆಯವರೆಗೆ ಸ್ಥಳೀಯ ಮಂಡಳಿಗಳಲ್ಲೂ ಅಂಗವಿಕಲರಿಗೆ ಜಾಗ ಕೊಟ್ಟರು. ಮೇಲಿನ ಹಂತದ ಕೌನ್ಸಿಲ್‌ಗಳಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು, ಹೀಗೆ ಇಬ್ಬರು. ಲೆಕ್ಕ ಹಾಕಿದರೆ ದೇಶದಲ್ಲಿ ಸಾವಿರಾರು ಜನ. 1996ರಲ್ಲಿ ಕಿವಿ ಕೇಳದ ಅಲೆಕ್ಸ್ ನ್ಡೀಜಿ ಅಲ್ಲಿನ ಸಂಸತ್ತಿಗೆ ಬಂದರು. ಅವರು ಸನ್ನೆಭಾಷೆಯಲ್ಲಿ ಮಾತಾಡಿದರು, ಪಕ್ಕದಲ್ಲಿ ನಿಂತ ದುಭಾಷಿ ಅದನ್ನು ಸದನಕ್ಕೆ ಹೇಳಿದರು. 1995ರ ಸಂವಿಧಾನದಲ್ಲೇ ಸನ್ನೆಭಾಷೆಯನ್ನು ಬೆಳೆಸುವ ಮಾತಿತ್ತು. ಕಾಗದದ ಮೇಲಿನ ಒಂದು ಸಾಲು ಹೀಗೆ ಕಣ್ಣೆದುರು ಬಂದು ನಿಂತಿತು.

ಅಲ್ಲಿ ಎಲ್ಲವೂ ಸರಿ ಇದೆ ಎಂದಲ್ಲ. ಮತದಾರ ಮಂಡಳಿ ಚಿಕ್ಕದು, ಆಳುವ ಪಕ್ಷ ಅದನ್ನು ಸುಲಭವಾಗಿ ತನ್ನ ಕಡೆ ಎಳೆದುಕೊಳ್ಳುತ್ತದೆ ಎಂಬ ದೂರು ಬಹಳ ವರ್ಷದಿಂದ ಇದೆ. ಐದು ಸ್ಥಾನ ಕೊಟ್ಟಾಯಿತಲ್ಲ ಎಂದು ಪಕ್ಷಗಳು ಸಾಮಾನ್ಯ ಕ್ಷೇತ್ರಗಳಲ್ಲಿ ಅಂಗವಿಕಲರಿಗೆ ಟಿಕೆಟ್ ಕೊಡಲು ಹಿಂಜರಿಯುವ ಅಪಾಯವೂ ಇದೆ. ಮೀಸಲು ಸ್ಥಾನ ನೆಲ ಆಗಬೇಕು, ಚಾವಣಿ ಆಗಬಾರದು.

ಉಳಿದ ದೇಶಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ರುವಾಂಡಾದ ಕೆಳಮನೆಯ 80 ಸ್ಥಾನಗಳಲ್ಲಿ ಒಂದು ಅಂಗವಿಕಲರಿಗೆ. ಕೀನ್ಯಾದ 2010ರ ಸಂವಿಧಾನ ಚುನಾಯಿತ ಮತ್ತು ನೇಮಕದ ಎಲ್ಲ ಸಂಸ್ಥೆಗಳಲ್ಲಿ ಹಂತ ಹಂತವಾಗಿ ಶೇ 5ರಷ್ಟು ಅಂಗವಿಕಲರು ಇರಬೇಕು ಎನ್ನುತ್ತದೆ. ಅಲ್ಲಿನ ಸೆನೆಟ್‌ನಲ್ಲಿ ಎರಡು ಸ್ಥಾನ ಖಚಿತ. ಆ ಎರಡು ಸ್ಥಾನ ಪ್ರತಿ ಸಲವೂ ತುಂಬುತ್ತವೆ, ಶೇ 5ರ ಗುರಿ ಮಾತ್ರ ದೂರವೇ ಉಳಿದಿದೆ. ಅಂಕಿ ಹಾಕಿ ಕೊಟ್ಟ ಸ್ಥಾನ ಸಿಗುತ್ತದೆ, "ಹಂತ ಹಂತವಾಗಿ" ಎಂದು ಬರೆದದ್ದು ಜಾರುತ್ತದೆ. ಕಾನೂನು ಬರೆಯುವವರು ಇದನ್ನು ಗಮನಿಸಬೇಕು.

ಹಣದ ಮಾತು

ನಮ್ಮಲ್ಲಿ ಇದನ್ನು ಯಾರೂ ಮಾತಾಡುವುದಿಲ್ಲ. ಕಿವಿ ಕೇಳದ ಒಬ್ಬರು ಚುನಾವಣೆಗೆ ನಿಂತರು ಎಂದುಕೊಳ್ಳಿ. ಮನೆ ಮನೆಗೆ ಹೋಗಲು ಜೊತೆಗೆ ಸನ್ನೆಭಾಷೆಯ ದುಭಾಷಿ ಬೇಕು, ದಿನವಿಡೀ ಬೇಕು, ವಾರಗಟ್ಟಲೆ ಬೇಕು. ವೀಲ್‌ಚೇರ್ ಬಳಸುವವರಿಗೆ ಹತ್ತಿಳಿಯಲು ಆಗುವ ವಾಹನ ಬೇಕು, ಸಹಾಯಕ್ಕೆ ಒಬ್ಬರು ಬೇಕು. ಎದುರಾಳಿಗೆ ಈ ಯಾವ ಖರ್ಚೂ ಇಲ್ಲ. ಓಟ ಶುರುವಾಗುವ ಮೊದಲೇ ಒಬ್ಬರ ಹೆಗಲ ಮೇಲೆ ಮೂಟೆ ಹೊರಿಸಿದ ಹಾಗೆ.

ಸ್ಕಾಟ್ಲೆಂಡ್ 2016ರಿಂದ ಇದಕ್ಕೇ ಒಂದು ನಿಧಿ ಇಟ್ಟಿದೆ. ಪ್ರಚಾರದ ಪೋಸ್ಟರಿಗೆ ಅದು ಹಣ ಕೊಡುವುದಿಲ್ಲ. ಅಂಗವೈಕಲ್ಯದಿಂದ ಆಗುವ ಹೆಚ್ಚುವರಿ ಖರ್ಚನ್ನು ಮಾತ್ರ ಕೊಡುತ್ತದೆ, ದುಭಾಷಿ, ಟ್ಯಾಕ್ಸಿ, ಸಹಾಯಕರು, ಹೀಗೆ. ಇಂಗ್ಲೆಂಡಿನಲ್ಲೂ 2012ರಿಂದ 2015ರವರೆಗೆ ಇಂಥ ನಿಧಿ ಇತ್ತು, ಮುಂದುವರಿಸಲಿಲ್ಲ. ಜೊತೆಗೆ ಬ್ರಿಟನ್ನಿನಲ್ಲಿ ಇಂಥ ಖರ್ಚು ಚುನಾವಣಾ ವೆಚ್ಚದ ಮಿತಿಯೊಳಗೆ ಬರುವುದಿಲ್ಲ. ನಮ್ಮಲ್ಲಿ ವಿಧಾನಸಭೆಗೆ ಮಿತಿ 40 ಲಕ್ಷ. ದುಭಾಷಿಗೆ ಕೊಟ್ಟ ಸಂಬಳವನ್ನು ಆ ಲೆಕ್ಕದಿಂದ ಬಿಡಲು ಸಂವಿಧಾನ ತಿದ್ದಬೇಕಿಲ್ಲ, ಕೋಟಿ ಕೋಟಿ ಸುರಿಯಬೇಕಿಲ್ಲ. ನಿಯಮದಲ್ಲಿ ಒಂದು ಸಾಲು ಸಾಕು.

ಮಾತು ಮತ್ತು ಕಾನೂನಿನಲ್ಲಿ ಉಳಿದ ಮುಳ್ಳು

ನಮ್ಮ ರಾಜಕೀಯ ಭಾಷಣಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಕಿವುಡು ಸರ್ಕಾರ, ಕುರುಡು ಆಡಳಿತ, ಮೂಕ ಮುಖ್ಯಮಂತ್ರಿ, ಕುಂಟು ನೆಪ. ಬೈಗುಳಕ್ಕೆ ಬೇಕಾದ ಪದವೆಲ್ಲ ಯಾರದೋ ದೇಹದಿಂದ ತೆಗೆದದ್ದು. ನಾನೂ ಇವನ್ನು ಬಳಸುತ್ತಿದ್ದೆ. ಅಕ್ಕನ ಮುಂದೆ ಒಮ್ಮೆ "ಕುಂಟು ನೆಪ ಹೇಳ್ತಾರೆ" ಅಂದೆ. ಅವರು ಏನೂ ಅನ್ನಲಿಲ್ಲ, ಸುಮ್ನೆ ಹೊಲಿಗೆ ಯಂತ್ರದ ಕಡೆ ತಿರುಗಿದರು. ಅವತ್ತಿನಿಂದ ಆ ಪದ ನನ್ನ ಬಾಯಿಗೆ ಬಂದಿಲ್ಲ.

ಇದು ಬರೀ ಸೌಜನ್ಯದ ಪ್ರಶ್ನೆ ಅಲ್ಲ. ಕುರುಡು ಅಂದರೆ ಅಜ್ಞಾನ, ಕಿವುಡು ಅಂದರೆ ಉದಾಸೀನ ಎಂದು ದಿನಾ ಕೇಳುವ ಮತದಾರರು ಕಣ್ಣು ಕಾಣದ ಅಭ್ಯರ್ಥಿಯನ್ನು ಹೇಗೆ ನೋಡುತ್ತಾರೆ? ಚುನಾವಣಾ ಆಯೋಗ 2023ರ ಡಿಸೆಂಬರಿನಲ್ಲಿ ಪಕ್ಷಗಳಿಗೆ ಇದರ ಬಗ್ಗೆಯೇ ಸೂಚನೆ ಕೊಟ್ಟಿತು. ಭಾಷಣ, ಜಾಹೀರಾತುಗಳಲ್ಲಿ ಅಂಗವೈಕಲ್ಯವನ್ನು ಹೀಯಾಳಿಸಬಾರದು, ಪಕ್ಷದ ಸಾಹಿತ್ಯ ಅಂಗವಿಕಲರಿಗೂ ಓದಲು ಸಿಗಬೇಕು, ಪಕ್ಷದೊಳಗೆ ಅವರನ್ನು ಹೆಚ್ಚು ಸೇರಿಸಿಕೊಳ್ಳಬೇಕು ಎಂದಿತು. ಪಾಲಿಸುವುದು ಪಕ್ಷಗಳ ಕೈಯಲ್ಲಿದೆ.

ಕಾನೂನಿನ ಒಳಗೂ ಹಳೆಯ ಮುಳ್ಳುಗಳಿವೆ. ಒಡಿಶಾದ ಪುರಸಭೆ ಕಾಯ್ದೆಯಲ್ಲಿ ಕುಷ್ಠರೋಗ ಇರುವವರು ಸದಸ್ಯರಾಗುವಂತಿಲ್ಲ ಎಂದಿತ್ತು. 2008ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಎತ್ತಿಹಿಡಿಯಿತು. ಕಾಲ ಬದಲಾಗಿದೆ, ಶಾಸಕಾಂಗ ಇದನ್ನು ಮತ್ತೊಮ್ಮೆ ಯೋಚಿಸಬೇಕು ಎಂದೂ ಹೇಳಿತು. ಕುಷ್ಠದಿಂದ ಗುಣವಾದವರು 2016ರ ಕಾಯ್ದೆಯ 21 ಬಗೆಗಳಲ್ಲಿ ಸೇರಿದ್ದಾರೆ. ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ನ್ಯಾಯಾಲಯ ಘೋಷಿಸಿದವರು ಮತದಾರರ ಪಟ್ಟಿಯಲ್ಲೇ ಇರುವಂತಿಲ್ಲ, ಶಾಸಕರೂ ಆಗುವಂತಿಲ್ಲ. ಬೌದ್ಧಿಕ ಮತ್ತು ಮಾನಸಿಕ ಅಂಗವೈಕಲ್ಯ ಇರುವವರ ಪಾಲಿಗೆ ಈ ಸಾಲಿನ ನೆರಳು ದೊಡ್ಡದು. ಅಂಗವಿಕಲರ ಪ್ರಾತಿನಿಧ್ಯ ಎಂದಾಗ ನಾವು ವೀಲ್‌ಚೇರ್ ಮತ್ತು ಬಿಳಿ ಕೋಲನ್ನು ಮಾತ್ರ ನೆನೆಯುತ್ತೇವೆ. ಇವರು ಸಾಲಿನ ಕೊನೆಯಲ್ಲಿ ನಿಂತಿದ್ದಾರೆ.

ಒಳಗೆ ಕೂತರೆ ಏನು ಬದಲಾಗುತ್ತದೆ

ಕರ್ನಾಟಕದ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ನಾನು ನೋಡಿದ ಕಡೆಯಲ್ಲೆಲ್ಲ ಆಗುವುದು ಹೀಗೆ. ಮಾರ್ಚ್ ಹತ್ತಿರ ಬರುತ್ತದೆ, ಹಣ ಹಾಗೇ ಉಳಿದಿರುತ್ತದೆ, ಅವಸರದಲ್ಲಿ ಏನನ್ನೋ ಕೊಂಡು ಹಂಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಐದು ಅಡಿ ಎತ್ತರದವರಿಗೂ ಆರು ಅಡಿಯವರಿಗೂ ಒಂದೇ ಅಳತೆಯ ಊರುಗೋಲು. ಶ್ರವಣ ಸಾಧನ ಕೊಟ್ಟಿರುತ್ತಾರೆ, ಬ್ಯಾಟರಿ ಮುಗಿದ ಮೇಲೆ ಎಲ್ಲಿ ತರುವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಇದರಲ್ಲಿ ಕೆಟ್ಟ ಉದ್ದೇಶ ಏನೂ ಇಲ್ಲ. ಆ ಸಭೆಯಲ್ಲಿ ಊರುಗೋಲು ಬಳಸುವವರು ಒಬ್ಬರೂ ಇರಲಿಲ್ಲ, ಅಷ್ಟೇ.

ನಮ್ಮಲ್ಲಿ ಒಂದು ಒಳ್ಳೆಯ ಅಡಿಪಾಯ ಈಗಾಗಲೇ ಇದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುತ್ತಾರೆ. ಇವರಲ್ಲಿ ಹೆಚ್ಚಿನವರು ಅಂಗವಿಕಲರೇ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬಂದಿಲ್ಲ ಎಂಬುದು ಇವರ ನಾಲಿಗೆ ತುದಿಯಲ್ಲಿರುತ್ತದೆ. ಗೌರವಧನಕ್ಕೆ ದುಡಿಯುವ ಇವರಿಗೆ ಪಂಚಾಯಿತಿಯ ತೀರ್ಮಾನದಲ್ಲಿ ಮಾತಿಲ್ಲ. ವಿಕಲಚೇತನರಿಗಾಗಿಯೇ ವಿಶೇಷ ಗ್ರಾಮಸಭೆ ನಡೆಸುವ ಪದ್ಧತಿಯೂ ನಮ್ಮಲ್ಲಿದೆ. ಈಗ ಅದು ಬೇಡಿಕೆ ಬರೆದುಕೊಳ್ಳುವ ಸಭೆ. ಆ ಸಭೆಗೇ ತಮ್ಮ ಪ್ರತಿನಿಧಿಯನ್ನು ಆರಿಸುವ ಅಧಿಕಾರ ಕೊಟ್ಟರೆ ಹೇಗೆ? ಉಗಾಂಡಾದ ಮತದಾರ ಮಂಡಳಿಯಲ್ಲಿ ಒಳ್ಳೆಯದು ಏನಿತ್ತೋ ಅದು ಬರುತ್ತದೆ, ಅಧಿಕಾರಿ ಆರಿಸುವ ನಾಮಕರಣದ ದೋಷ ತಪ್ಪುತ್ತದೆ. ಊರಿನ 130 ಜನ ಒಂದೆಡೆ ಕೂತು ತಮ್ಮವರನ್ನು ತಾವೇ ಆರಿಸುತ್ತಾರೆ. ಸರ್ಕಾರ ನಾಮಕರಣ ಮಾಡುವುದಾದರೆ ಆ ಹೆಸರನ್ನೇ ಮಾಡಬೇಕು ಎಂದು ಕಾನೂನಿನಲ್ಲಿ ಬರೆಯಬಹುದು. ಮತದ ಹಕ್ಕಿಗಾಗಿ ಮುಂದೆ ಸಂವಿಧಾನದ ತಿದ್ದುಪಡಿ ಕೇಳೋಣ. ಅದು ಬರುವವರೆಗೆ ಬಾಗಿಲ ಹೊರಗೆ ಕಾಯಬೇಕಿಲ್ಲ.

ಅಕ್ಕ ಈ ಸಲ ಸಾಮಾನ್ಯ ಚುನಾವಣೆಗೇ ನಿಲ್ಲುವ ಯೋಚನೆಯಲ್ಲಿದ್ದಾರೆ. ನಾಮಕರಣ ಬರುತ್ತದೋ ಇಲ್ಲವೋ ಎಂದು ಕಾಯುವವರಲ್ಲ ಅವರು. ನಮ್ಮ ವಾರ್ಡಿನ ಮೀಸಲಾತಿ ಯಾವುದಕ್ಕೆ ಬರುತ್ತದೆ ಎಂದು ಮಾತ್ರ ನೋಡುತ್ತಿದ್ದಾರೆ. ಹೋದ ವಾರ ಹೊಲಿಗೆಯ ಟೇಪನ್ನು ತಂಗಿಯ ಮಗನ ಕೈಗೆ ಕೊಟ್ಟು ಪಂಚಾಯಿತಿಗೆ ಕಳಿಸಿದ್ದರು. ನಾನೂ ಜೊತೆಗೆ ಹೋಗಿದ್ದೆ. ಹುಡುಗ ಬಗ್ಗಿ ಒಂದೊಂದೇ ಮೆಟ್ಟಿಲು ಅಳೆದ. ಆರಾರು ಇಂಚಿನ ನಾಲ್ಕು ಮೆಟ್ಟಿಲು, ಒಟ್ಟು ಎರಡು ಅಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎಂಬುದು ರ‍್ಯಾಂಪಿನ ಲೆಕ್ಕ, ಅಕ್ಕನಿಗೆ ಅದು ಬಾಯಿಪಾಠ. ಹಾಗಾದರೆ 24 ಅಡಿ. ಆಮೇಲೆ ಅಂಗಳವನ್ನೂ ಅಳೆದೆವು. ಟೇಪು ಚಿಕ್ಕದು, ಐದು ಅಡಿಯದು, ಏಳು ಸಲ ಎತ್ತಿ ಎತ್ತಿ ಇಡಬೇಕಾಯಿತು. ಮೆಟ್ಟಿಲಿನಿಂದ ಗೇಟಿನವರೆಗೆ 32 ಅಡಿ ಇದೆ.